ಮೂವತ್ತು ವರ್ಷದ ಕಾಗದ

ಕೋರ್ಟಿಗೆ ಹಳೇ ಕಾಗದ ಅಂದರೆ ಬಲು ಗೌರವ. 1872ರ ಸಾಕ್ಷ್ಯ ಕಾಯಿದೆಯ 90ನೇ ಕಲಮು ಹೇಳಿದ್ದನ್ನೇ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 92ನೆಯದೂ ಹೇಳುತ್ತದೆ. ಪತ್ರಕ್ಕೆ 30 ವರ್ಷ ಆಗಿದ್ದು, ಇರಬೇಕಾದವರ ಹತ್ತಿರವೇ ಇದ್ದು ಬಂದಿದ್ದರೆ, ಅದರ ಸಹಿ, ಕೈಬರಹ, ಸಾಕ್ಷಿದಾರರ ರುಜು ಎಲ್ಲ ನಿಜವೆಂದು ಕೋರ್ಟು ಭಾವಿಸಬಹುದು. ಬರೆದವರೂ ಸಾಕ್ಷಿ ಹಾಕಿದವರೂ ಸತ್ತಿರುತ್ತಾರೆ, ಇನ್ಯಾರನ್ನ ಕರೆಸಿ ಕೇಳೋದು ಅನ್ನೋದು ಇದರ ಹಿಂದಿನ ನ್ಯಾಯ. ಒಪ್ಪೋಣ.

ಆದರೆ 30 ವರ್ಷ ಕಾಗದ ಉಳಿಯೋದು ಯಾರ ಮನೇಲಿ? ಧಣಿಯ ಕಬ್ಬಿಣದ ಪೆಟ್ಟಿಗೇಲಿ. ನಮ್ಮ ಕೇರಿಯ ಸೋಗೆ ಗುಡಿಸಲಲ್ಲಿದ್ದ ಸಾಗುವಳಿ ಚೀಟಿಯನ್ನ ಮಳೆ ಓದಿತು, ಗೆದ್ದಲು ಓದಿತು, ನಮ್ಮಜ್ಜಂದಿರಿಗೆ ಮಾತ್ರ ಓದೋಕೆ ಬರಲಿಲ್ಲ. ಎರಡು ಪಲ್ಲ ರಾಗಿಗೋ ಮಗಳ ಮದುವೆಗೋ ಹೆಬ್ಬೆಟ್ಟು ಒತ್ತಿದರು. ಆ ಕಾಗದವೂ ಅದೇ ಪೆಟ್ಟಿಗೆ ಸೇರಿತು.

ಇಲ್ಲೇ ನಾವು ಕಣ್ಣುಬಿಟ್ಟು ಓದಬೇಕು. ಕಾಯಿದೆ 'ಭಾವಿಸಬಹುದು' ಅಂದಿದೆ, 'ಭಾವಿಸಲೇಬೇಕು' ಅಂದಿಲ್ಲ. ಅದೂ ಮೂಲ ಪತ್ರಕ್ಕೆ ಮಾತ್ರ, ನಕಲಿಗಲ್ಲ ಅಂತ 1935ರಲ್ಲೇ ಪ್ರಿವಿ ಕೌನ್ಸಿಲ್ ಹೇಳಿದೆ. ಪತ್ರ ಅಸಲಿ ಅಂದ ಮಾತ್ರಕ್ಕೆ ಅದರೊಳಗೆ ಬರೆದದ್ದೆಲ್ಲ ಸತ್ಯವೆಂದು ಆಗೋದಿಲ್ಲ ಅಂತ 2005ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹೆಬ್ಬೆಟ್ಟು ಅಜ್ಜನದೇ ಇರಬಹುದು. 'ಪೂರಾ ಹಣ ಪಡೆದಿರುತ್ತೇನೆ' ಅನ್ನೋ ಸಾಲು ಯಾರದು ಸ್ವಾಮಿ?

ಸರ್ಕಾರ ನಮ್ಮವರಿಗೆ ಮಂಜೂರು ಮಾಡಿದ ಜಮೀನಾದರೆ ಕ್ರಯಪತ್ರ ಅಸಲಿಯಾದರೂ ಸಾಲದು. ಮಂಜೂರಾತಿ ಷರತ್ತು ಮುರಿದ ಪರಭಾರೆ, ಅದು ಹಿಂದೆ ಆದದ್ದಾದರೂ ಸರಿಯೇ, ಅಸಿಂಧು ಅಂತ 1978ರ ಪಿ.ಟಿ.ಸಿ.ಎಲ್. ಕಾಯಿದೆ ಹೇಳುತ್ತೆ. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನ ಎತ್ತಿಹಿಡಿಯಿತು. ಆದರೆ ಕಾಯಿದೆ ಬರೋ ಮುಂಚೆಯೇ ಬಹುಕಾಲದ ಅನುಭೋಗದಿಂದ ಹಕ್ಕು ಗಟ್ಟಿ ಮಾಡಿಕೊಂಡವರನ್ನ ಹೊರಗಿಟ್ಟಿತು. 2017ರಲ್ಲಿ ಅದೇ ಕೋರ್ಟು, 20 ವರ್ಷ ದಾಟಿ ಬಂದ ಅರ್ಜಿ ನ್ಯಾಯವಾದ ಕಾಲದೊಳಗೆ ಬಂದದ್ದಲ್ಲ ಅಂದಿತು. ತಮಾಷೆ ನೋಡಿ, ಧಣಿಯ ಕಾಗದಕ್ಕೆ ವಯಸ್ಸಾದಷ್ಟೂ ಬಲ ಬರುತ್ತೆ, ನಮ್ಮ ದೂರಿಗೆ ವಯಸ್ಸಾದರೆ ಅದೇ ತಪ್ಪು! ಧಣಿಯ ಹೊಲದಲ್ಲಿ ಕೂಲಿ ಮಾಡುತ್ತಲೇ ಅವನ ಮೇಲೆ ಅರ್ಜಿ ಹಾಕೋ ಧೈರ್ಯ ಎಷ್ಟು ವರ್ಷಕ್ಕೆ ಬರುತ್ತೆ ಅಂತ ಯಾರೂ ಕೇಳಲಿಲ್ಲ. 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಆಮೇಲೂ ಕೋರ್ಟುಗಳಲ್ಲಿ 'ತಡವಾಯಿತು' ಅನ್ನೋ ಮಾತು ನಿಂತಿಲ್ಲ.

ಹಾಸ್ಟೆಲಿಗೆ ರಜೆ ಕೊಟ್ಟಾಗ ಊರಲ್ಲಿ ಅಜ್ಜಿಯನ್ನ ಕೂರಿಸಿಕೊಂಡು ಕೇಳಿ, ಯಾವ ಹೊಲ, ಯಾವ ಸರ್ವೆ ನಂಬರು, ಯಾರು ಯಾವಾಗ ಬರೆಸಿಕೊಂಡರು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಮಂಜೂರಾತಿ ದಾಖಲೆಯ, ಹಳೇ ಪಹಣಿಯ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಸರ್ಕಾರಿ ದಾಖಲೆಯ ದೃಢೀಕೃತ ನಕಲು ಕೋರ್ಟಿನಲ್ಲಿ ನಡೆಯುತ್ತೆ, ಅದಕ್ಕೆ 30 ವರ್ಷ ಆಗಬೇಕಿಲ್ಲ. ಸಿಗಲ್ಲ ಹೋಗು ಅಂದರೆ, ಅದನ್ನೇ ಬರೆದುಕೊಡಿ ಅಂತ ಕೇಳಿ. ಅರ್ಜಿ ಕೊಟ್ಟ ತಾರೀಖಿನ ರಸೀತಿ ಇಸ್ಕೊಳ್ಳೋದು ಮರೀಬೇಡಿ.