ಜವಾಬು ಕೊಡದವರಿಗೆ ಜವಾಬ್ದಾರಿ ಎಲ್ಲಿಯದು?



ಆಗಸ್ಟ್ ಬಂತೆಂದರೆ ನಮ್ಮ ಪ್ರೆಸ್ಸಿಗೆ ತ್ರಿವರ್ಣದ ಕರಪತ್ರಗಳ ಕೆಲಸ. ನವೆಂಬರಿಗೆ ಹಳದಿ-ಕೆಂಪು. ಆದರೆ ಅಕ್ಟೋಬರ್ 25ಕ್ಕೆಂದು ಒಂದು ಚೀಟಿ ಅಚ್ಚು ಹಾಕಿಸಲೂ ಯಾರೂ ಬಂದಿಲ್ಲ. ಆ ದಿನ ಏನಾಯಿತು, ನಿಮಗೆ ಗೊತ್ತೇ?

1947ರ ಆಗಸ್ಟ್ 15ರಂದು ದೆಹಲಿಯಲ್ಲಿ ಬಾವುಟ ಏರಿತು. ನಮ್ಮ ಹಿರೇನಲ್ಲೂರು ಆಗ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿತ್ತು. ಭಾರತಕ್ಕೆ ಸೇರಲು ಮಹಾರಾಜರು ಸಹಿ ಹಾಕಿದ್ದರು, ನಿಜ. ಆಡಳಿತ ಮಾತ್ರ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಕೈಯಲ್ಲೇ ಉಳಿಯಿತು. 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತಲ್ಲ ಎನ್ನುತ್ತೀರಾ? ಅಲ್ಲಿ ಅಹವಾಲು ಹೇಳಿಕೊಳ್ಳಬಹುದಿತ್ತು, ದಿವಾನರನ್ನು ಇಳಿಸುವಂತಿರಲಿಲ್ಲ. ಅವರು ಜವಾಬು ಕೊಡಬೇಕಾದ್ದು ಅರಮನೆಗೆ, ಜನರಿಗಲ್ಲ!

ಇದಕ್ಕೆ ಎದುರು ನಿಂತವರು ಕೆ.ಸಿ. ರೆಡ್ಡಿ. ಕೋಲಾರದ ಕಡೆಯ ಕ್ಯಾಸಂಬಳ್ಳಿಯಲ್ಲಿ 1902ರಲ್ಲಿ ಹುಟ್ಟಿದ ವಕೀಲರು. ಹಳ್ಳಿಯವರ ಪರವಾಗಿ ಪ್ರಜಾಪಕ್ಷ ಕಟ್ಟಿದವರಲ್ಲಿ ಒಬ್ಬರು, ಆಮೇಲೆ ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರು. ಅವರ ಬೇಡಿಕೆ ಎರಡೇ ಪದ: ಜವಾಬ್ದಾರಿ ಸರ್ಕಾರ. ಸೆಪ್ಟೆಂಬರ್ 1ರಂದು 'ಮೈಸೂರು ಚಲೋ' ಶುರುವಾಯಿತು. ರೆಡ್ಡಿಯವರನ್ನು ಹಿಡಿದು ಜೈಲಿಗೆ ಹಾಕಿದರು. ಚಳವಳಿ ನಿಲ್ಲಲಿಲ್ಲ. ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು, 'ಆರ್ಕಾಟ್ ಬಾಯ್ಕಾಟ್' ಎಂಬ ಕೂಗು ಊರೂರು ಹತ್ತಿತು. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಅಲ್ಲಿನ ರಾಮಸ್ವಾಮಿ ಸರ್ಕಲ್ಲಿನಲ್ಲಿ ದಿನಾ ಬಸ್ಸು ಹಿಡಿಯುವ ಗೆಳೆಯರೇ, ಆ ಹೆಸರು ಯಾರದೆಂದು ಒಮ್ಮೆಯಾದರೂ ಕೇಳಿದ್ದೀರಾ?

ಕೊನೆಗೆ ಅರಮನೆ ಒಪ್ಪಿತು. ಅಕ್ಟೋಬರ್ 25ರಂದು ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ದೆಹಲಿಯ ಬಾವುಟಕ್ಕೂ ನಮ್ಮ ಮಂತ್ರಿಮಂಡಲಕ್ಕೂ ನಡುವೆ 71 ದಿನ!

ಹಂಗೇರಿಯವರು 1848ರಲ್ಲಿ ತಮ್ಮ ಹ್ಯಾಬ್ಸ್‌ಬರ್ಗ್ ದೊರೆಯನ್ನು ಕೇಳಿದ್ದೂ ಇದನ್ನೇ. ಮಾರ್ಚ್ 15ರಂದು ಪೆಸ್ಟ್ ನಗರದ ಯುವಕರು ಒಂದು ಮುದ್ರಣಾಲಯಕ್ಕೆ ಹೋಗಿ ಸರ್ಕಾರದ ಅಪ್ಪಣೆಯಿಲ್ಲದೆ ಹನ್ನೆರಡು ಬೇಡಿಕೆಗಳನ್ನು ಅಚ್ಚು ಹಾಕಿಸಿದರು. (ಆ ಪ್ರೆಸ್ ಮಾಲೀಕನ ಎದೆ ಹೇಗೆ ಹೊಡೆದುಕೊಂಡಿತೋ, ನನಗೆ ಅದೇ ಯೋಚನೆ!) ಬತ್ಯಾನಿ ಎಂಬಾತ ಅಲ್ಲಿನ ಮೊದಲ ಪ್ರಧಾನಿಯಾದ. ಮರುವರ್ಷ ಅಕ್ಟೋಬರ್ 6ರಂದು ಅವನನ್ನು ಗುಂಡಿಟ್ಟು ಕೊಂದರು. ನಮ್ಮ ರೆಡ್ಡಿಯವರು 1952ರವರೆಗೆ ಆಳಿ, ಕೇಂದ್ರದಲ್ಲಿ ಮಂತ್ರಿಯಾಗಿ, ಮಧ್ಯಪ್ರದೇಶದ ರಾಜ್ಯಪಾಲರೂ ಆಗಿ 1976ರಲ್ಲಿ ತೀರಿಕೊಂಡರು. ಹುತಾತ್ಮರಾಗಲಿಲ್ಲವೆಂದೇ ಮರೆತೆವೋ ಏನೋ.

ಇದನ್ನೆಲ್ಲ ಈಗೇಕೆ ಹೇಳುತ್ತಿದ್ದೇನೆ? ಹೋದ ತಿಂಗಳು ನಮ್ಮೂರಿನ ಒಬ್ಬ ಅಜ್ಜಿ ಒಂದು ಕಾಗದ ಹಿಡಿದು ಪ್ರೆಸ್ಸಿಗೆ ಬಂದರು. ಬ್ಯಾಂಕೊಂದರ ಸಾಲದ ನೋಟೀಸು. ಒಂದು ಅಕ್ಷರ ಕನ್ನಡವಿಲ್ಲ! "ಏನು ಬರೆದವ್ರೆ ಓದಪ್ಪ" ಎಂದರು. ಪಿಯುಸಿ ಓದಿದ ನಾನೇ ಎರಡು ಸಲ ಓದಬೇಕಾಯಿತು. ಹದಿನೈದು ದಿನದೊಳಗೆ ಉತ್ತರ ಕೊಡಿ ಎಂದಿತ್ತು, ಅದರಲ್ಲಿ ಒಂಬತ್ತು ದಿನ ಆಗಲೇ ಕಳೆದಿತ್ತು.

ಜವಾಬ್ದಾರಿ ಎಂಬ ಮಾತಿನೊಳಗೇ ಜವಾಬು ಇದೆ. ಆ ಅಜ್ಜಿಗೆ ತಿಳಿಯದ ಭಾಷೆಯಲ್ಲಿ ಬಂದದ್ದು ಯಾವ ಜವಾಬು? ಅರಮನೆಯ ಬಾಗಿಲಲ್ಲಿ ಕೇಳಿದ್ದನ್ನು ಬ್ಯಾಂಕಿನ ಕೌಂಟರಿನಲ್ಲಿ ಕೇಳಲು ನಮಗೇಕೆ ನಾಚಿಕೆ?

ಈ ಅಕ್ಟೋಬರ್ 25ಕ್ಕೆ ನಿಮ್ಮ ಬಡಾವಣೆಯ ಕಚೇರಿಗಳಲ್ಲಿ ಕನ್ನಡದ ಅರ್ಜಿ, ಕನ್ನಡದ ನೋಟೀಸು ಕೇಳಿ ಒಂದು ಮನವಿ ಬರೆದು ತನ್ನಿ. ಅಚ್ಚು ನಾನು ಹಾಕಿಕೊಡುತ್ತೇನೆ. ಕಾಗದದ ಖರ್ಚೂ ನನ್ನದೇ.