ರುಜುವಿನ ಗುತ್ತಿಗೆ

ಕಳೆದ ವೈಶಾಖದಲ್ಲಿ ನವಲಗುಂದದ ಒಂದು ಮದುವೆಯ ಹಂದರದಲ್ಲಿ, ಊಟದ ಪಂಕ್ತಿಗೆ ಕಾಯುತ್ತ ಜಮಖಾನೆಯ ಮೇಲೆ ಕುಳಿತಿದ್ದ ನಮ್ಮ ನಡುವೆ, ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಆಡಳಿತವಿಭಾಗದಲ್ಲಿರುವ ತರುಣನೊಬ್ಬನು ಆಡಿದ ಮಾತು ಈ ಬರಹಕ್ಕೆ ನಿಮಿತ್ತವಾಯಿತು. ಹೊಸದಾಗಿ ಸೇರುವ ವೈದ್ಯರ ಪದವಿ, ನೋಂದಣಿ, ಪೂರ್ವಾನುಭವಗಳನ್ನು ಪರಿಶೀಲಿಸಲು ತಮ್ಮಲ್ಲಿ ಇಬ್ಬರು ಗುಮಾಸ್ತರಿದ್ದರೆಂದೂ, ಈಗ ಅದನ್ನು ಹೊರಗಿನ ಕಂಪನಿಗೆ ಫೈಲಿಗಿಷ್ಟು ಎಂಬ ದರದಲ್ಲಿ ಒಪ್ಪಿಸಿ ವೆಚ್ಚವನ್ನು ಇಳಿಸಲಾಗಿದೆಯೆಂದೂ ವಿವರಿಸಿ, "ಅದೇನ್ ದೊಡ್ಡ ಕೆಲಸರೀ, ಕಾಗದಾ ನೋಡೂದು ಅಷ್ಟ" ಎಂದು ಅವನು ಮುಗಿಸಿದನು. ಸುತ್ತಲಿದ್ದವರು ತಲೆದೂಗಿದರು. ನನಗೆ ತಲೆದೂಗಲಾಗಲಿಲ್ಲ. ಕಾಗದ ನೋಡುವ ಶ್ರಮವನ್ನು ಗುತ್ತಿಗೆಗೆ ಕೊಡಬಹುದು. ನೋಡಿದೆನೆಂದು ರುಜು ಹಾಕುವ ಹೊಣೆಯನ್ನು ಕೊಡಲಾಗದು. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾರಿದಾಗ ಆದ ಉಳಿತಾಯವೆಂಬುದು ಆಸ್ಪತ್ರೆಯ ಲೆಕ್ಕದಿಂದ ರೋಗಿಯ ಲೆಕ್ಕಕ್ಕೆ ದಾಟಿಸಿದ ಸಾಲವಲ್ಲದೆ ಬೇರೆಯಲ್ಲ.

ನಮ್ಮ ಕಡೆಯ ಜನರಿಗೆ ವೈದ್ಯನ ಅರ್ಹತಾಪರಿಶೀಲನೆ ಹೊಸ ವಿದ್ಯೆಯಲ್ಲ. ಅದಕ್ಕೆ ಅವರಿಟ್ಟ ಹೆಸರು ಕೈಗುಣ. ಒಂದೇ ಗುಳಿಗೆ ಒಬ್ಬನ ಕೈಯಿಂದ ಬಂದರೆ ನಾಟುವುದು, ಇನ್ನೊಬ್ಬನ ಕೈಯಿಂದ ಬಂದರೆ ನಾಟದು ಎಂಬ ಈ ನಂಬಿಕೆಯನ್ನು ಮೌಢ್ಯವೆಂದು ನಗುವುದು ಸುಲಭ. ಆದರೆ ಮೊರಬದಿಂದಲೋ ಶಿರಕೋಳದಿಂದಲೋ ಬಂದ ಮುದುಕಿಯೊಬ್ಬಳು ಬಸ್‌ಸ್ಟ್ಯಾಂಡಿನ ಬಳಿಯ ಮೂರು ದವಾಖಾನೆಗಳನ್ನು ದಾಟಿ ನಾಲ್ಕನೆಯದರ ಮೆಟ್ಟಿಲಿನಲ್ಲಿ ಕುಳಿತುಕೊಳ್ಳುವಾಗ, ಆ ಆಯ್ಕೆಯ ಹಿಂದೆ ಎಷ್ಟು ಬಾಣಂತನಗಳ, ಎಷ್ಟು ವಿಷಮಜ್ವರಗಳ, ಎಷ್ಟು ಹಾವುಕಡಿತಗಳ ಸಾಕ್ಷ್ಯವು ಕಟ್ಟೆಯ ಮೇಲೂ ನೀರಿನ ದಾರಿಯಲ್ಲೂ ತೂಗಲ್ಪಟ್ಟಿರುತ್ತದೆಂಬುದನ್ನು ನಗುವವರು ಎಣಿಸುವುದಿಲ್ಲ. ಎಷ್ಟು ರಾತ್ರಿ ಕರೆದರೆ ಬಂದನು, ದುಡ್ಡಿಲ್ಲದವನನ್ನು ಹೇಗೆ ನಡೆಸಿಕೊಂಡನು, ತನಗೆ ತಿಳಿಯದುದನ್ನು ತಿಳಿಯದೆಂದು ಒಪ್ಪಿ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಬರೆದುಕೊಟ್ಟನೇ ಇಲ್ಲವೇ, ಇವೆಲ್ಲವೂ ಆ ಒಂದು ಮಾತಿನಲ್ಲಿ ಅಡಗಿವೆ. ಅದು ಸಂಬಳವಿಲ್ಲದೆ, ಬಿಡುವಿಲ್ಲದೆ ನಡೆಯುವ ಪರೀಕ್ಷೆ. ಪರೀಕ್ಷಕರೇ ಅದರ ಫಲವನ್ನು ಉಣ್ಣತಕ್ಕವರು.

ಆದರೂ ಕೈಗುಣವನ್ನು ನಾನು ಪೂಜಿಸಲಾರೆ. ಅದರ ಕಣ್ಣು ಶೀಘ್ರಫಲದ ಮೇಲೆ. ಮೊಳಕಾಲ ನೋವಿಗೆ ಸ್ಟೀರಾಯ್ಡಿನ ಸೂಜಿ ಚುಚ್ಚಿದವನು ಮರುದಿನವೇ ಹೊಲಕ್ಕೆ ನಡೆಯುವಂತೆ ಮಾಡುತ್ತಾನೆ. ಅವನ ಕೈಗುಣ ಊರಿಗೆಲ್ಲ ಹಬ್ಬುತ್ತದೆ. ಕಾಲಾಂತರದಲ್ಲಿ ಸವೆದ ಎಲುಬಿಗೂ ಏರಿದ ಸಕ್ಕರೆಗೂ ಯಾರೂ ಅವನನ್ನು ಹೊಣೆ ಮಾಡುವುದಿಲ್ಲ. ಗುಣವಾದವರು ಕಟ್ಟೆಗೆ ಬಂದು ಸಾಕ್ಷಿ ಹೇಳುತ್ತಾರೆ, ತೀರಿಕೊಂಡವರು ಹೇಳುವುದಿಲ್ಲ. ಈ ಕುರುಡನ್ನು ನೀಗುವುದಕ್ಕಾಗಿಯೇ ಸರ್ಕಾರದ ಪಟ್ಟಿಯು ಹುಟ್ಟಿತು. ನವಲಗುಂದವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1912ರ ಬಾಂಬೆ ಮೆಡಿಕಲ್ ಆ್ಯಕ್ಟು ವೈದ್ಯರ ನೋಂದಣಿಪುಸ್ತಕವನ್ನು ಆರಂಭಿಸಿತು. 1938ರ ಇನ್ನೊಂದು ಕಾಯಿದೆಯು ಆಯುರ್ವೇದ ಯುನಾನಿಗಳವರನ್ನೂ ಪಟ್ಟಿಗೆ ತಂದಿತು. ಈಗ ಕರ್ನಾಟಕ ವೈದ್ಯಕೀಯ ಪರಿಷತ್ತಿದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯಿದೆ. ಪಟ್ಟಿಯಲ್ಲಿಲ್ಲದೆ ವೈದ್ಯವೃತ್ತಿ ನಡೆಸಿದವನಿಗೆ ಒಂದು ವರ್ಷದವರೆಗಿನ ಸೆರೆವಾಸವನ್ನು, 5 ಲಕ್ಷ ರೂಪಾಯಿಯವರೆಗಿನ ದಂಡವನ್ನು, ಇಲ್ಲವೆ ಎರಡನ್ನೂ ಅದು ವಿಧಿಸುತ್ತದೆ. ಊರು ಕಾಣಲಾರದುದನ್ನು ಕಾಗದವು ಕಾಣಲಿ ಎಂಬುದು ಈ ಎಲ್ಲ ಏರ್ಪಾಡಿನ ಆಶಯ.

ಆದರೆ ಕಾಗದಕ್ಕೂ ತನ್ನದೇ ಕುರುಡಿದೆ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ತೀರ್ಮಾನವಾದ ಒಂದು ಪ್ರಕರಣದಲ್ಲಿ, ಹೋಮಿಯೋಪತಿಯ ನೋಂದಣಿಯುಳ್ಳವರೊಬ್ಬರು ಅಲೋಪತಿಯ ಔಷಧಗಳನ್ನು ಕೊಟ್ಟಿದ್ದರು, ರೋಗಿಯು ತೀರಿಕೊಂಡಿದ್ದನು. ಅರಿಯದ ಪದ್ಧತಿಯಲ್ಲಿ ಚಿಕಿತ್ಸೆ ಮಾಡಿದುದೇ ನಿರ್ಲಕ್ಷ್ಯವೆಂದು ನ್ಯಾಯಾಲಯವು ನಿರ್ಣಯಿಸಿತು. ಅವರ ಪ್ರಮಾಣಪತ್ರವನ್ನು ಯಾವ ಕಂಪನಿಗೆ ಕಳುಹಿಸಿದ್ದರೂ "ನೋಂದಣಿ ನೈಜ" ಎಂಬ ಉತ್ತರವೇ ಬರುತ್ತಿತ್ತು, ಏಕೆಂದರೆ ಅದು ನೈಜವೇ ಆಗಿತ್ತು! ಬಾಡಿಗೆಯ ಸರ್ಟಿಫಿಕೇಟಿನ ಸಂಗತಿಯೂ ಇಂಥದೇ: ಗೋಡೆಯ ಮೇಲೆ ತೂಗುಹಾಕಿದ ಪದವಿಯು ಸಾಚಾ, ಕುರ್ಚಿಯಲ್ಲಿ ಕುಳಿತವನು ಬೇರೆ. ಪತ್ರವೂ ವ್ಯಕ್ತಿಯೂ ಒಂದೇ ಎಂಬುದನ್ನು ತಿಳಿಯಬೇಕಾದರೆ ಯಾರಾದರೊಬ್ಬರು ಬಿಸಿಲಿನಲ್ಲಿ ಬಂದು, ಬಾಗಿಲು ತೆರೆದು, ಒಳಗೆ ಇಣುಕಬೇಕು. ಫೈಲಿಗಿಷ್ಟು ಎಂಬ ದರದಲ್ಲಿ ಆ ಪ್ರಯಾಣದ ವೆಚ್ಚವು ಸೇರಿರುವುದಿಲ್ಲ. ಅಷ್ಟೇ ಅಲ್ಲ, ಸಂಶಯಪಟ್ಟು ನಿಂತ ಫೈಲು ಕಂಪನಿಗೆ ನಷ್ಟ, ಕಣ್ಣುಮುಚ್ಚಿ ಮುಗಿಸಿದ ಫೈಲು ಲಾಭ.

ಎದುರುಪಕ್ಷದಲ್ಲಿ ನಾನು ಗೌರವಿಸುವ ಮಾತುಗಳಿವೆ. ನಮ್ಮಂಥ ತಾಲೂಕಿನಲ್ಲಿ ಎಲ್ಲರೂ ಎಲ್ಲರಿಗೂ ಬೀಗರು; ಅಧಿಕಾರಿಯು ಪರಸ್ಥಳದವನಾದರೂ ಅವನ ಮನೆಯೊಡೆಯನೋ ಅವನ ಮಗುವಿನ ಮೇಷ್ಟ್ರೋ ಯಾವನೋ ನಕಲಿ ವೈದ್ಯನ ಸೋದರಮಾವನಾಗಿರುತ್ತಾನೆ. ದೂರದ ಕಂಪನಿಗೆ ಈ ಹಂಗಿಲ್ಲ. ಎರಡನೆಯದಾಗಿ, ಎಲ್ಲ ಕಾಗದಗಳೂ ಸರಿಯಿರುವ ಪ್ರಾಮಾಣಿಕ ತರುಣವೈದ್ಯನ ಅರ್ಜಿಯು ಸರ್ಕಾರದ ಮೇಜಿನ ಮೇಲೆ ತಿಂಗಳುಗಟ್ಟಲೆ ಧೂಳು ತಿನ್ನುವುದನ್ನು, ಅದನ್ನು ಅಲುಗಿಸಲು ಏನು ಬೇಕಾಗುತ್ತದೆಂಬುದನ್ನು ಬಲ್ಲವರಿಗೆ ಕಂಪನಿಯ ತ್ವರೆಯು ಪುಣ್ಯವೆಂದೇ ತೋರುವುದು. ಮೂರನೆಯದು ಇನ್ನೂ ಬಲವಾದುದು. ಕೊಲ್ಲಿಯ ದೇಶಗಳಿಗೆ ಹೋಗುವ ನಮ್ಮ ನರ್ಸುಗಳ ಕಾಗದಗಳನ್ನು ಡೇಟಾಫ್ಲೋ ಎಂಬ ಖಾಸಗಿ ಸಂಸ್ಥೆಯೇ ಪರಿಶೀಲಿಸುತ್ತದೆ. ಅಭ್ಯರ್ಥಿ ಕೊಟ್ಟ ಪ್ರತಿಯನ್ನು ನಂಬದೆ, ಪದವಿ ಕೊಟ್ಟ ವಿಶ್ವವಿದ್ಯಾನಿಲಯವನ್ನೇ ಕೇಳಿ ಉತ್ತರ ತರಿಸುತ್ತದೆ. ಇದಕ್ಕೆ ಪ್ರತಿಯಾಗಿ ನಮ್ಮ ಸರ್ಕಾರೀ ಪರಿಷತ್ತುಗಳು ಮಾಡಿದ್ದೇನು? ವಿದೇಶದಲ್ಲಿ ಓದಿ, ಇಲ್ಲಿಯ ಅರ್ಹತಾಪರೀಕ್ಷೆಯಲ್ಲಿ ಉತ್ತೀರ್ಣರಾಗದ 73 ಮಂದಿಗೆ ನೋಂದಣಿ ದೊರೆತಿತ್ತೆಂಬ ಆರೋಪದ ಮೇಲೆ 2022ರ ಡಿಸೆಂಬರಿನಲ್ಲಿ ಸಿಬಿಐ 14 ರಾಜ್ಯ ಪರಿಷತ್ತುಗಳ ಹೆಸರನ್ನು ಎತ್ತಿ, 91 ಸ್ಥಳಗಳಲ್ಲಿ ಶೋಧ ನಡೆಸಿತು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಹೊರಗಿನ ಕಾವಲುಗಾರನನ್ನು ಬೇಡವೆನ್ನುವುದು ಹೇಗೆ?

ಬೇಡವೆಂದು ನಾನು ಹೇಳುತ್ತಿಲ್ಲ. ಪತ್ರ ಬರೆದು ಉತ್ತರ ತರುವ ಓಲೆಕಾರನು ಯಾರಾದರೂ ಆಗಲಿ. 2024ರಲ್ಲಿ ಆಯೋಗವು ತೆರೆದ ರಾಷ್ಟ್ರೀಯ ವೈದ್ಯಕೀಯ ನೋಂದಣಿಯಲ್ಲಿಯೂ ಅರ್ಜಿಯು ರಾಜ್ಯ ಪರಿಷತ್ತಿಗೆ, ಅಲ್ಲಿಂದ ಓದಿದ ಕಾಲೇಜಿಗೆ, ಕೊನೆಗೆ ಆಯೋಗಕ್ಕೆ ಸಾಗುವಂತೆ ವ್ಯವಸ್ಥೆಯಿದೆ. ಮೂಲವನ್ನೇ ಕೇಳುವ ಈ ಕ್ರಮವು ಸಾಧುವಾದುದು. ಆದರೆ ಡಿಸೆಂಬರಿನ ಆ ಶೋಧವು ಸಾಧ್ಯವಾದುದು ಏಕೆ? ಪ್ರತಿಯೊಂದು ನೋಂದಣಿಯನ್ನೂ ಕೊಟ್ಟದ್ದು ಇಂಥ ಪರಿಷತ್ತೇ ಎಂಬುದು ಖಚಿತವಾಗಿದ್ದುದರಿಂದ, ತಪ್ಪಿಗೆ ಒಂದು ವಿಳಾಸವಿದ್ದುದರಿಂದ. ಹೊರಗುತ್ತಿಗೆಯಲ್ಲಿ ಆಸ್ಪತ್ರೆಯು ಕಂಪನಿಯತ್ತಲೂ, ಕಂಪನಿಯು ತಾನು ಕೈಕೆಳಗೆ ಇಟ್ಟ ಇನ್ನೊಬ್ಬ ಗುತ್ತಿಗೆದಾರನತ್ತಲೂ, ಅವನು ಕೆಲಸ ಬಿಟ್ಟುಹೋದ ಹುಡುಗನತ್ತಲೂ ಬೆರಳು ಮಾಡುತ್ತಾರೆ. ಎಲ್ಲವನ್ನೂ ಕಂಪ್ಯೂಟರೇ ನೋಡಿಕೊಳ್ಳುತ್ತದೆನ್ನುವವರಿಗೆ ಉತ್ತರ ಬರೆದು ಕಾಗದ ಕೆಡಿಸಲಾರೆ.

ಈ ಹೊರಗುತ್ತಿಗೆಯ ವಿದ್ಯೆ ಬೆಳೆದ ಅಮೆರಿಕದಲ್ಲಿಯೂ, ಹೊಣೆಯನ್ನು ಜಾರಿಸಲಾಗದೆಂಬುದನ್ನು ಹೊಡೆತ ತಿಂದೇ ಕಲಿತರು. ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಕಾಲು ಮುರಿದುಕೊಂಡ ಒಬ್ಬ ವಿದ್ಯಾರ್ಥಿಯು, ಬಿಗಿಯಾಗಿ ಕಟ್ಟಿದ ಪ್ಲಾಸ್ಟರಿನ ದೆಸೆಯಿಂದ ಆ ಕಾಲನ್ನೇ ಕಳೆದುಕೊಂಡಾಗ, ವೈದ್ಯನ ತಪ್ಪಿಗೆ ತಾವು ಹೊಣೆಯಲ್ಲವೆಂದ ಆಸ್ಪತ್ರೆಯ ವಾದವನ್ನು 1965ರಲ್ಲಿ ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ಪರಿಶೀಲನೆಯ ಕೆಲಸವನ್ನು ಬೇರೆಯವರಿಗೆ ವಹಿಸಿದರೂ ಹೊಣೆ ವಹಿಸಿದವನದೇ ಎಂಬ ನಿಯಮ ಅಲ್ಲಿ ಇಂದು ಸಾಮಾನ್ಯ. ಆ ಪರಿಶೀಲನೆಯ ಕೆಲಸವಾದರೋ ಎಲ್ಲಿಗೆ ಬಂದಿದೆ? ನಮ್ಮ ಬೆಂಗಳೂರಿಗೆ. ನಮ್ಮ ಎರೆಭೂಮಿಯಿಂದ ಡಿಗ್ರಿ ಮುಗಿಸಿ ಹೋದ ಹುಡುಗರಲ್ಲೊಬ್ಬನು ರಾತ್ರಿಯ ಪಾಳಿಯಲ್ಲಿ ಕುಳಿತು, ತಾನೆಂದೂ ಕಾಣದ ಊರಿನ ತಾನೆಂದೂ ಕಾಣದ ವೈದ್ಯನ ಪ್ರತಿಯೊಂದು ಪದವಿಯನ್ನೂ ಜಾಲಿಸಿ ನೋಡುತ್ತಿರುವಾಗ, ಇತ್ತ ಅವನ ಅಜ್ಜಿಗೆ ಸೂಜಿ ಹಾಕಿದವನು ಯಾವ ಶಾಲೆ ಕಲಿತವನೆಂದು ಕೇಳಿದವರಿಲ್ಲ.

ಕೇಳುವವರಿಗೆ ಮೊದಲು ಒಂದು ವಿಳಾಸ ಗೊತ್ತಿರಬೇಕು. 1980ರ ಜುಲೈ 21ರಂದು, ಮಲಪ್ರಭೆಯ ನೀರಿನ ಕರದ ಹೊರೆಯ ವಿರುದ್ಧ ನವಲಗುಂದ ನರಗುಂದಗಳ ರೈತರು ಸಿಡಿದೆದ್ದಾಗ, ಆ ದಿನವು ಗೋಲೀಬಾರಿನಲ್ಲಿ ಮುಗಿದುದು ದುಃಖದ ಸಂಗತಿ. ಆದರೆ ಯಾವ ಕಚೇರಿಯ ಮುಂದೆ ನಿಲ್ಲಬೇಕೆಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ವಂಚಿತನಾದ ರೋಗಿಗೂ ಅಂಥದೊಂದು ಬಾಗಿಲು ಬೇಕು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವು, ಅಂದರೆ ಜನರ ಬಾಯಲ್ಲಿ ಕೆಪಿಎಂಇ, ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ನೋಂದಣಿಯ ಪ್ರಾಧಿಕಾರವನ್ನು ನಿಯಮಿಸಿದೆ. 2024ರಿಂದ ದವಾಖಾನೆಗಳ ಮುಂದೆ ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಎಂದು ಬಣ್ಣದ ಫಲಕಗಳೂ ಗೊತ್ತುಪಡಿಸಲ್ಪಟ್ಟಿವೆ, ನೋಂದಣಿಯ ಸಂಖ್ಯೆಯನ್ನು ಅವುಗಳಲ್ಲಿ ಬರೆಯಬೇಕು. ಆ ಸಂಖ್ಯೆಯ ಕೆಳಗೆ, ಒಳಗೆ ಬಂದು ಕುರ್ಚಿಯಲ್ಲಿ ಕುಳಿತವರನ್ನು ಕಣ್ಣಾರೆ ಕಂಡ ಅಧಿಕಾರಿಯ ಹೆಸರನ್ನೂ ಕಂಡ ತಾರೀಖನ್ನೂ ಬರೆಯಿಸಲಿ. ಎರಡು ಸಾಲಿಗೆ ಬೇಕಾದಷ್ಟು ಜಾಗ ಫಲಕದಲ್ಲಿದೆ.