ನದೀದಂಡೆಯ ನೆಲವೂ ಲೋಹಶೋಧಕ ಯಂತ್ರವೂ

ನಮ್ಮ ಶಾಲೆಯ ಹಳೆವಿದ್ಯಾರ್ಥಿನಿಯರಲ್ಲಿ ಪರದೇಶಗಳಲ್ಲಿ ಸಂಸಾರ ಹೂಡಿರುವವರು ಅನೇಕರುಂಟು. ಅವರಲ್ಲೊಬ್ಬರು, ನೆಲದೊಳಗಿನ ಲೋಹವನ್ನು ಸದ್ದಿನಿಂದ ಸೂಚಿಸುವ ಮೆಟಲ್ ಡಿಟೆಕ್ಟರ್ ಎಂಬ ಯಂತ್ರವನ್ನು ಶಾಲೆಗೆ ಕಾಣಿಕೆಯಾಗಿ ಕೊಡಲು ಮನಸ್ಸು ಮಾಡಿ, ಹುಡುಗಿಯರನ್ನು ಬಾರಕೂರಿನ ಸೀತಾನದಿಯ ದಂಡೆಗೆ ಕರೆದೊಯ್ದು ಹಳೆಯ ನಾಣ್ಯಗಳನ್ನು ಏಕೆ ಹುಡುಕಿಸಬಾರದೆಂದು ಕೇಳಿದ್ದಾರೆ. ಪಾಲಕರಲ್ಲಿಯೂ ಕೆಲವರು ಇದಕ್ಕೆ ಉತ್ಸಾಹ ತೋರಿಸಿದ್ದಾರೆ. ಪ್ರಶ್ನೆಯು ಸದುದ್ದೇಶದಿಂದ ಹುಟ್ಟಿದುದಾದ ಕಾರಣ, ಅದಕ್ಕೆ ಉತ್ತರವನ್ನು ಎಲ್ಲರಿಗೂ ತಿಳಿಯುವಂತೆ ಈ ಸಂಚಿಕೆಯಲ್ಲಿಯೇ ಹೇಳುವುದು ಲೇಸೆಂದು ನಮಗೆ ತೋರಿತು. ಯಂತ್ರವನ್ನು ನಾವು ಕೃತಜ್ಞತೆಯಿಂದ ಸ್ವೀಕರಿಸುವೆವು. ಆದರೆ ಅದನ್ನು ಬಾರಕೂರಿಗೆ ಒಯ್ಯಲಾರೆವು. ಕಾರಣಗಳನ್ನು ಅರಿಕೆ ಮಾಡುತ್ತೇವೆ.

ಸಾಲಿಗ್ರಾಮದ ನೆರೆಯಲ್ಲಿರುವ ಬಾರಕೂರು ಆಳುಪ ಅರಸರ ರಾಜಧಾನಿಯಾಗಿದ್ದು, ಬಳಿಕ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತಕ್ಕೆ ಮುಖ್ಯಪಟ್ಟಣವಾಗಿದ್ದಿತು. ಆಳುಪರ ನಾಣ್ಯಗಳಲ್ಲಿ ಜೋಡಿ ಮೀನುಗಳ ಲಾಂಛನವೂ, ನಾಗರಿ ಲಿಪಿಯಲ್ಲಿ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬರಹವೂ ಕಾಣುತ್ತವೆ. ‘ಬಾರಕೂರು ಗದ್ಯಾಣ’ವೆಂಬ ಹೆಸರು ಶಿಲಾಶಾಸನಗಳಲ್ಲಿಯೇ ಬಂದಿದೆ. ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂಬ ಹೆಸರುಗಳು ಇಂದಿಗೂ ಜನರ ಬಾಯಲ್ಲಿವೆ. ಸೀತಾನದಿಯು ಹಂಗಾರಕಟ್ಟೆಯ ಬಳಿ ಸ್ವರ್ಣಾನದಿಯೊಡಗೂಡಿ ಅಳಿವೆಯಲ್ಲಿ ಕಡಲನ್ನು ಸೇರುವುದರಿಂದ, ಕಡಲಿನ ವ್ಯಾಪಾರವು ಈ ನೀರಿನ ದಾರಿಯಾಗಿ ಊರೊಳಕ್ಕೆ ಬರುತ್ತಿತ್ತು. ಬಡಗಣ ಬಸರೂರೂ ವಾರಾಹಿಯ ದಂಡೆಯಲ್ಲಿ ಅಂಥದೇ ಪೇಟೆಯಾಗಿತ್ತು. ಅಲ್ಲಿಯ ಅಕ್ಕಿಗಾಗಿ ಪೋರ್ತುಗೀಸರು ಹೊಂಚಿದರು. ಶಿವಾಜಿಯು 1665ರಲ್ಲಿ ಹಡಗುಗಳೊಡನೆ ಬಂದು ಅದನ್ನು ಸೂರೆಮಾಡಿದನು. ಇಂಥ ನೆಲದಲ್ಲಿ ಏನೂ ಸಿಗಲಾರದೆಂದು ನಾವು ಬೇಡವೆನ್ನುತ್ತಿಲ್ಲ; ಏನಾದರೂ ಸಿಕ್ಕೀತೆಂದೇ ಬೇಡವೆನ್ನುತ್ತೇವೆ.

ಏಕೆಂದರೆ, ನಾಣ್ಯವು ತಾನು ಬಿದ್ದ ಠಾವಿನಲ್ಲಿರುವ ತನಕ ಮಾತ್ರ ಪೂರ್ಣವಾಗಿ ಸಾಕ್ಷಿ ಹೇಳಬಲ್ಲುದು. ಯಾವ ಗೋಡೆಯ ಪಾಯದ ಕೆಳಗೆ, ಯಾವ ಮಡಕೆಯ ಚೂರುಗಳ ನಡುವೆ, ಬೂದಿಯ ಪದರಕ್ಕೆ ಮೇಲೋ ಕೆಳಗೋ ಅದು ಇತ್ತೆಂಬುದರಿಂದ ಆ ಮನೆ ಕಟ್ಟಿದ ಕಾಲವನ್ನೂ ಸುಟ್ಟ ಕಾಲವನ್ನೂ ವಿದ್ವಾಂಸರು ಅಳೆಯುತ್ತಾರೆ. ಯಂತ್ರದ ಸದ್ದನ್ನು ಕೇಳಿ ಹಾರೆಯಿಂದ ಗುಳಿ ತೋಡಿ ಅದನ್ನು ಕಿತ್ತವರಿಗೆ ಲೋಹದ ಬಿಲ್ಲೆಯೊಂದು ದೊರೆಯುವುದು; ಆ ಪದರಗಳನ್ನು ಮತ್ತೆ ಯಾರೂ ಓದಲಾರರು. ಇನ್ನು ಬಂಗಾರದ ಹಣವಾದರೆ, ಅದು ಅಕ್ಕಸಾಲೆಯ ಮೂಸೆಗೆ ಹೋಗುವ ಭಯವೂ ಉಂಟು.

ಇಂಗ್ಲೆಂಡಿನಲ್ಲಿ ಹೊಲದ ಒಡೆಯನ ಅನುಮತಿ ಪಡೆದು ಹೀಗೆ ಹುಡುಕುವವರು ಬಹು ಮಂದಿ ಇದ್ದಾರೆ, ದಿಟ. ಅಲ್ಲಿಯ ದೃಷ್ಟಾಂತವೊಂದನ್ನು ನಮ್ಮ ಹುಡುಗಿಯರಿಗೆ ನಾವು ಹೇಳುವುದುಂಟು. 1992ರ ನವೆಂಬರದಲ್ಲಿ ಸಫೊಕ್ ಸೀಮೆಯ ಹಾಕ್ಸನ್ ಗ್ರಾಮದಲ್ಲಿ, ರೈತನೊಬ್ಬನು ಕಳಕೊಂಡ ಸುತ್ತಿಗೆಯನ್ನು ಹುಡುಕಿಕೊಡಲೆಂದು ನಿವೃತ್ತ ತೋಟಗಾರ ಎರಿಕ್ ಲಾಸ್ ಎಂಬವರು ಈ ಯಂತ್ರವನ್ನು ಹಿಡಿದು ಹೋದಾಗ, ಬೆಳ್ಳಿಯ ಚಮಚಗಳೂ ಬಂಗಾರದ ನಾಣ್ಯಗಳೂ ಕಂಡವು. ಅವರು ಅಗೆಯುವುದನ್ನು ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು. ಪ್ರಾಕ್ತನ ತಜ್ಞರು ಬಂದು ಕ್ರಮವಾಗಿ ಅಗೆದುದರಿಂದ, ಸುಮಾರು 15,000 ರೋಮನ್ ನಾಣ್ಯಗಳು ದೊರೆತುವಲ್ಲದೆ, ಅವನ್ನಿರಿಸಿದ್ದ ಮರದ ಪೆಟ್ಟಿಗೆ ಕೊಳೆತುಹೋಗಿದ್ದರೂ ಅದರಲ್ಲಿ ಒಡವೆಗಳನ್ನು ಹೇಗೆ ಅಡಕಿದ್ದರೆಂಬುದೂ ತಿಳಿಯಿತು. ಸುತ್ತಿಗೆಯೂ ಸಿಕ್ಕಿತು! ಇಲ್ಲಿ ಮೆಚ್ಚತಕ್ಕದ್ದು ಯಂತ್ರವನ್ನಲ್ಲ, ತಡೆದ ಕೈಯನ್ನು. ಲಂಡನ್ ನಗರದಲ್ಲಿಯೂ ಥೇಮ್ಸ್ ನದಿಯ ದಂಡೆಯಲ್ಲಿ ಪರವಾನಗಿಯಿಲ್ಲದೆ ಹುಡುಕಕೂಡದು.

ನಮ್ಮ ದೇಶದ ಕಾನೂನೂ ಸ್ಪಷ್ಟವಾಗಿದೆ. 1878ರ ನಿಧಿ ಕಾಯಿದೆಯು, 10 ರೂಪಾಯಿಗೆ ಮೇಲ್ಪಟ್ಟ ಬೆಲೆಯ ನಿಕ್ಷೇಪವು ಸಿಕ್ಕಿದರೆ ಕಲೆಕ್ಟರರಿಗೆ ತಿಳಿಸಬೇಕೆಂದು ವಿಧಿಸಿತು. ನಮ್ಮ ರಾಜ್ಯದಲ್ಲಿ 1962ರಲ್ಲಿ ಇದಕ್ಕೆ ಪ್ರತ್ಯೇಕ ಕಾಯಿದೆಯಾಯಿತು. 1958ರ ಕಾಯಿದೆಯು ಸಂರಕ್ಷಿತ ಸ್ಥಳಗಳನ್ನು ಕಾಯುತ್ತದೆ. 1972ರ ಕಾಯಿದೆಯಂತೆ 100 ವರ್ಷ ದಾಟಿದ ನಾಣ್ಯ, ಶಿಲ್ಪಾದಿಗಳು ಪುರಾತನ ವಸ್ತುಗಳೆನಿಸುತ್ತವೆ. ‘ನೆಲದಲ್ಲಿ ಸಿಕ್ಕಿದ್ದು ಸಿಕ್ಕಿದವನದು’ ಎಂಬ ಗಾದೆಯಂಥ ಮಾತನ್ನು ಮಕ್ಕಳು ಶಾಲೆಯ ಪ್ರವಾಸದಲ್ಲಿ ಕಲಿಯಬಾರದಷ್ಟೆ.

‘ಮರಳು ತೆಗೆಯುವವರೂ ಪಾಯ ತೋಡುವ ಯಂತ್ರಗಳೂ ದಿನಂಪ್ರತಿ ನೆಲವನ್ನು ಬಗೆಯುತ್ತಿರುವಾಗ, ನಾಲ್ಕು ಹುಡುಗಿಯರು ಒಂದು ಗುಳಿ ತೋಡಿದರೆ ಏನು ಕೆಟ್ಟೀತು?’ ಎಂದು ಕೇಳುವವರಿದ್ದಾರೆ. ಈ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ನಷ್ಟದ ಹೆಚ್ಚಿನ ಪಾಲು ಅಲ್ಲಿಯೇ ಆಗುತ್ತಿದೆ. ಆದರೆ ಹಿರಿಯರು ಮನೆ ಕಟ್ಟುವ ಅವಸರದಲ್ಲಿ ಮಾಡುವುದನ್ನು ಮಕ್ಕಳು ವಿನೋದಕ್ಕಾಗಿ ಕಲಿತರೆ, ಮುಂದೆ ಅದನ್ನು ತಡೆಯುವವರು ಯಾರು? ನಿಧಿಯಾಸೆಯಿಂದ ಪಾಳುಗುಡಿಗಳ ಪೀಠಗಳನ್ನು ಕಿತ್ತವರ ಸುದ್ದಿಯನ್ನು ನಾವೆಲ್ಲರೂ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ.

ಹಾಗಾದರೆ ಕಾಣಿಕೆಯ ಯಂತ್ರವು ಕಪಾಟಿನಲ್ಲಿ ಧೂಳು ಹಿಡಿಯಬೇಕೆ? ಬೇಡ. ನಮ್ಮ ಆಟದ ಬಯಲಿನಲ್ಲಿಯೇ ಮೊಳೆ, ಹಿತ್ತಾಳೆಯ ಬಿಲ್ಲೆ, ಅಲ್ಯುಮಿನಿಯಮ್ ಮುಚ್ಚಳಗಳನ್ನು ಬೇರೆ ಬೇರೆ ಆಳದಲ್ಲಿ ಹೂತು, ಹುಡುಗಿಯರಿಂದ ಹುಡುಕಿಸುವೆವು. ತಂತಿಯ ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಲೋಹದಲ್ಲಿ ಹೇಗೆ ಮತ್ತೊಂದು ಪ್ರವಾಹವನ್ನು ಹುಟ್ಟಿಸುವುದೆಂದು ಅವರು ತಾವೇ ಕಂಡುಕೊಳ್ಳಲಿ. ಕಬ್ಬಿಣದ ಅಂಶವುಳ್ಳ ನಮ್ಮ ಮುರಕಲ್ಲಿನ ಮಣ್ಣು ಯಂತ್ರವನ್ನು ಹೇಗೆ ತಪ್ಪುದಾರಿಗೆಳೆಯುವುದೆಂಬುದೂ ಒಳ್ಳೆಯ ಪಾಠವೇ. 1881ರಲ್ಲಿ ಅಮೆರಿಕೆಯ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡೇಟಾದಾಗ, ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ದೇಹದೊಳಗಿನ ಗುಂಡನ್ನು ಇಂಥದೇ ಉಪಕರಣದಿಂದ ಹುಡುಕಿ ಸೋತರು. ಹಾಸಿಗೆಯ ಲೋಹದ ತಂತಿಗಳು ಅವರನ್ನು ಗೊಂದಲಗೊಳಿಸಿದವೆಂದು ಹೇಳುತ್ತಾರೆ.

ಬಾರಕೂರಿಗೂ ನಾವು ಹೋಗುವೆವು. ಆದರೆ ಕೈಯಲ್ಲಿ ಪುಸ್ತಕ, ಪೆನ್ಸಿಲು, ಅಳತೆಪಟ್ಟಿ ಮಾತ್ರ ಇರುವುವು. ಡಾಕ್ಟರ್ ಪಿ. ಗುರುರಾಜ ಭಟ್ಟರು ಊರೂರು ಅಲೆದು, ಗುಡಿ ಶಾಸನ ಶಿಲ್ಪಗಳನ್ನು ನೋಡಿ ಬರೆದುಕೊಂಡೇ ತುಳುನಾಡಿನ ಇತಿಹಾಸದ ಬೃಹದ್ಗ್ರಂಥವನ್ನು 1975ರಲ್ಲಿ ಹೊರತಂದರು. ನಮ್ಮ ಹುಡುಗಿಯರೂ ನೆಲದ ಮೇಲೆ ಕಾಣುವ ಶಾಸನ, ವೀರಗಲ್ಲು, ಬಾವಿ, ಕೋಟೆಯ ಕಲ್ಲುಗಳನ್ನು ಗುರುತಿಸಲಿ. ಅಜ್ಜಿಯರನ್ನು ಕೇಳಿ ಗದ್ದೆ ಬೈಲುಗಳ ಹಳೆಯ ಹೆಸರುಗಳನ್ನು ಬರೆದುಕೊಳ್ಳಲಿ. ಈ ನಿಕ್ಷೇಪವನ್ನಂತೂ ತಡಮಾಡದೆ ಎತ್ತತಕ್ಕದ್ದು.

ಪಾಲಕರಲ್ಲಿಯೂ ಹಳೆವಿದ್ಯಾರ್ಥಿನಿಯರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ. ನಿಮ್ಮ ಹಿತ್ತಿಲಲ್ಲಿ ಬಾವಿಯನ್ನೋ ಪಾಯವನ್ನೋ ತೋಡಿಸುವಾಗ ಹಳೆಯ ವಸ್ತು ಕಂಡರೆ, ಕೆಲಸವನ್ನು ಆ ಜಾಗದಲ್ಲಿ ನಿಲ್ಲಿಸಿ, ಅದನ್ನು ಉಜ್ಜಿ ತೊಳೆಯದೆ, ಇದ್ದಲ್ಲಿಯೇ ಛಾಯಾಚಿತ್ರ ತೆಗೆದು, ಜಿಲ್ಲಾಧಿಕಾರಿಗಳಿಗೆ ತಿಳಿಸಿರಿ. ಮನೆಯಲ್ಲಿ ತಾಯಿತಂದೆಗಳು ಹೀಗೆ ನಡೆದುದನ್ನು ಕಂಡ ಮಗಳಿಗೆ ಇತಿಹಾಸದ ಗೌರವವನ್ನು ನಾವು ಬೇರೆಯಾಗಿ ಕಲಿಸಬೇಕಾಗಲಾರದು.